ಮೂಲೆಯಲ್ಲಿ ಮೂಡುವ “5 ವೈರಸ್ ಪತ್ತೆ” ನಿಜವೇ? ಮನೆ ಕಂಪ್ಯೂಟರ್‌ನ ಭದ್ರತೆ ಎಲ್ಲಿಂದ ಶುರು ಮಾಡಲಿ?

ಹೊಸಕೀಲಿ:

ವಿಂಡೋಸ್ 11 ಹೋಮ್ ಇರುವ ಲ್ಯಾಪ್‌ಟಾಪ್. ಮನೆಯ ನಾಲ್ಕು ಜನರೂ ಒಂದೇ ಖಾತೆಯಲ್ಲಿ ಬಳಸುತ್ತೇವೆ, ಅದು ಅಡ್ಮಿನ್ ಖಾತೆ. ಯಂತ್ರದ ಜೊತೆ ಬಂದಿದ್ದ ಆ್ಯಂಟಿವೈರಸ್‌ನ ಉಚಿತ ಅವಧಿ ಮುಗಿದಿದೆ. ಈಗ ಪರದೆಯ ಬಲಗಡೆ ಕೆಳಮೂಲೆಯಲ್ಲಿ “5 ವೈರಸ್ ಪತ್ತೆಯಾಗಿವೆ, ಕೂಡಲೇ ನವೀಕರಿಸಿ” ಎಂಬ ಪೆಟ್ಟಿಗೆ ಮತ್ತೆ ಮತ್ತೆ ಮೂಡುತ್ತಿದೆ. ಇದು ನಿಜವಾದ ಎಚ್ಚರಿಕೆಯೇ? ದುಡ್ಡು ಕೊಟ್ಟು ಆ್ಯಂಟಿವೈರಸ್ ಕೊಳ್ಳಬೇಕೇ, ಜೊತೆಗೆ ವಿಪಿಎನ್ ಬೇಕೇ? ಪಾಸ್‌ವರ್ಡ್‌ಗಳೆಲ್ಲ ಕ್ರೋಮ್‌ನಲ್ಲೇ ಸೇವ್ ಆಗಿವೆ. ಫೋಟೊ, ಕಾಗದಪತ್ರಗಳ ಪ್ರತಿ 1 ಟಿಬಿಯ ಹೊರಗಿನ ಡಿಸ್ಕ್‌ನಲ್ಲಿದೆ. ಆ ಡಿಸ್ಕ್ ಸದಾ ಯುಎಸ್‌ಬಿಯಲ್ಲಿ ಸಿಕ್ಕಿಸಿಯೇ ಇರುತ್ತದೆ.

ಬೇಲಿಗೂಟ:

ಮೊದಲು ಆ ಪೆಟ್ಟಿಗೆಯನ್ನು ಸರಿಯಾಗಿ ಓದಿ, ಆದರೆ ಕ್ಲಿಕ್ ಮಾಡಬೇಡಿ. ಅದರಲ್ಲಿ ಸಣ್ಣ ಅಕ್ಷರದಲ್ಲಿ ಕ್ರೋಮ್ ಎಂಬ ಹೆಸರೂ ಯಾವುದೋ ಜಾಲತಾಣದ ವಿಳಾಸವೂ ಇದ್ದರೆ ಅದು ಬರೀ ಬ್ರೌಸರ್ ನೋಟಿಫಿಕೇಶನ್. “ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ” ಎಂದು ಯಾವುದೋ ಪುಟ ಕೇಳಿರುತ್ತದೆ, ನಾಲ್ವರಲ್ಲಿ ಯಾರೋ ಒತ್ತಿರುತ್ತಾರೆ. ಅಲ್ಲಿಂದಾಚೆ ಆ ತಾಣ ನಿಮ್ಮ ಪರದೆಯ ಮೇಲೆ ಬೇಕಾದ್ದು ಬರೆಯಬಹುದು. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಹಾದಿಯಲ್ಲಿ ಹೋಗಿ. ಅನುಮತಿ ಪಡೆದ ಪಟ್ಟಿಯಲ್ಲಿ ಗುರುತಿಲ್ಲದ ವಿಳಾಸಗಳನ್ನೆಲ್ಲ ಕಿತ್ತುಹಾಕಿ, ಮುಂದೆ ಯಾವ ತಾಣವೂ ಕೇಳದಂತೆ ಮಾಡುವ ಆಯ್ಕೆಯನ್ನೂ ಹಾಕಿ. ಹೆಚ್ಚಿನವರ ‘ವೈರಸ್’ ಇಷ್ಟಕ್ಕೇ ನಿಲ್ಲುತ್ತದೆ. ವಿಳಾಸವಿಲ್ಲದೆ ಹಳೆಯ ಆ್ಯಂಟಿವೈರಸ್‌ನ ಹೆಸರಷ್ಟೇ ಇದ್ದರೆ ಅದು ಚಂದಾ ವಸೂಲಿಯ ಒತ್ತಾಯ.

ಆ್ಯಂಟಿವೈರಸ್ ಕೊಳ್ಳಬೇಡಿ. ವಿಂಡೋಸ್‌ನಲ್ಲೇ ಇರುವ ಡಿಫೆಂಡರ್ ಮನೆ ಬಳಕೆಗೆ ಸಾಕು. ತೊಂದರೆ ಇರುವುದು ಬೇರೆ ಕಡೆ: ಇನ್ನೊಂದು ಆ್ಯಂಟಿವೈರಸ್ ಕೂತಿದ್ದರೆ ಡಿಫೆಂಡರ್ ಹಿಂದೆ ಸರಿಯುತ್ತದೆ. ಅವಧಿ ಮುಗಿದದ್ದು ಹಾಗೇ ಉಳಿದರೆ ಅದಕ್ಕೆ ಹೊಸ ಅಪ್‌ಡೇಟ್ ಬರುವುದಿಲ್ಲ, ಡಿಫೆಂಡರ್‌ಗೆ ಪೂರ್ತಿ ಕೆಲಸ ಸಿಗದಿರಬಹುದು. ಆದ್ದರಿಂದ ಸೆಟ್ಟಿಂಗ್ಸ್‌ನ ಇನ್‌ಸ್ಟಾಲ್ಡ್ ಆ್ಯಪ್ಸ್‌ನಿಂದ ಹಳೆಯದನ್ನು ತೆಗೆದು ರೀಸ್ಟಾರ್ಟ್ ಮಾಡಿ. ಚೂರುಪಾರು ಉಳಿದರೆ ಆ ಕಂಪನಿಯೇ ಕೊಡುವ ರಿಮೂವಲ್ ಟೂಲ್ ಬಳಸಿ. ಆಮೇಲೆ ವಿಂಡೋಸ್ ಸೆಕ್ಯುರಿಟಿ ತೆರೆದು ರಿಯಲ್ ಟೈಮ್ ಪ್ರೊಟೆಕ್ಷನ್, ಕ್ಲೌಡ್ ಪ್ರೊಟೆಕ್ಷನ್, ಟ್ಯಾಂಪರ್ ಪ್ರೊಟೆಕ್ಷನ್ ಮೂರೂ ಆನ್ ಇವೆಯೇ ನೋಡಿ. ಅದೇ ಪುಟದ ಕೆಳಗೆ ಎಕ್ಸ್‌ಕ್ಲೂಶನ್ಸ್ ಎಂದಿದೆ, ಡಿಫೆಂಡರ್ ಪರೀಕ್ಷಿಸದೆ ಬಿಡುವ ಜಾಗಗಳ ಪಟ್ಟಿ ಅದು. ಜನ ಅದನ್ನು ನೋಡುವುದೇ ಇಲ್ಲ. ಅಡ್ಮಿನ್ ಹಕ್ಕು ಸಿಕ್ಕ ಮಾಲ್‌ವೇರ್ (ಕೆಡುಕಿನ ತಂತ್ರಾಂಶ) ಮೊದಲು ಮಾಡುವ ಕೆಲಸಗಳಲ್ಲಿ ತನ್ನ ಫೋಲ್ಡರನ್ನು ಆ ಪಟ್ಟಿಗೆ ಸೇರಿಸುವುದೂ ಒಂದು. ನೀವಾಗಿಯೇ ಹಾಕಿರದ ಸಾಲು ಅಲ್ಲಿ ಕಂಡರೆ, ಅದರಲ್ಲೂ ಇಡೀ ಸಿ ಡ್ರೈವ್ ಕಂಡರೆ, ಯಂತ್ರ ಸೋಂಕಿತ ಎಂದೇ ತಿಳಿಯಿರಿ. ಕೊನೆಗೆ ಸ್ಕ್ಯಾನ್ ಆಪ್ಶನ್ಸ್‌ನಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಯಂತ್ರ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಸುಮಾರು 15 ನಿಮಿಷ ಹುಡುಕುತ್ತದೆ. ತೆರೆದ ಕಡತಗಳನ್ನು ಮುಂಚೆಯೇ ಸೇವ್ ಮಾಡಿಕೊಳ್ಳಿ.

ವಿಪಿಎನ್ ಎಂದರೆ ನಿಮ್ಮ ಇಂಟರ್ನೆಟ್ ಸಂಚಾರವನ್ನು ಬೇರೊಂದು ಸರ್ವರ್ ಮೂಲಕ ಗುಟ್ಟಾಗಿ ಸಾಗಿಸುವ ಸೇವೆ, ಮಾಲ್‌ವೇರ್ ತಡೆಯುವ ಸಾಧನವಲ್ಲ. ನೀವು ಡೌನ್‌ಲೋಡ್ ಮಾಡಿದ ಕೆಟ್ಟ ಫೈಲನ್ನು ಅದು ಅಷ್ಟೇ ಭದ್ರವಾಗಿ ನಿಮ್ಮ ಮನೆಗೆ ತಲುಪಿಸುತ್ತದೆ.

ಇನ್ನು ಖಾತೆಗಳು. ಅಡ್ಮಿನ್ ಖಾತೆಯಲ್ಲಿ ಇಡೀ ಯಂತ್ರವನ್ನೇ ಬದಲಿಸುವ ಹಕ್ಕಿರುತ್ತದೆ, ಸ್ಟ್ಯಾಂಡರ್ಡ್ ಖಾತೆಯಲ್ಲಿ ಇರುವುದಿಲ್ಲ. ಮೊದಲು ಹೊಸದೊಂದು ಅಡ್ಮಿನ್ ಖಾತೆ ಮಾಡಿ, ಅದಕ್ಕೆ ಬೇರೆಯದೇ ಪಾಸ್‌ವರ್ಡ್ ಇಡಿ, ಒಮ್ಮೆ ಅದರಲ್ಲಿ ಲಾಗಿನ್ ಆಗಿ ನೋಡಿ. ಅಲ್ಲಿಂದಲೇ ಈಗಿನ ಖಾತೆಯನ್ನು ಸ್ಟ್ಯಾಂಡರ್ಡ್ ಯೂಸರ್‌ಗೆ ಇಳಿಸಿ. ಉಳಿದ ಮೂವರಿಗೂ ಒಂದೊಂದು ಸ್ಟ್ಯಾಂಡರ್ಡ್ ಖಾತೆ. ಹೊಸ ತಂತ್ರಾಂಶ ಹಾಕುವಾಗ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ, ಅಷ್ಟೇ ಕಿರಿಕಿರಿ.

ಕುಕೀಕಾವಲು:

ಬೇಲಿಗೂಟ ಹೇಳಿದ್ದೆಲ್ಲ ಸರಿ, ಆದರೆ ಸ್ಟ್ಯಾಂಡರ್ಡ್ ಖಾತೆಯ ಮೇಲೆ ಬಹಳ ಭರವಸೆ ಇಡಬೇಡಿ. ಈಗಿನ ಕಳ್ಳನಿಗೆ ನಿಮ್ಮ ಯಂತ್ರ ಬೇಕಾಗಿಲ್ಲ, ಬ್ರೌಸರ್‌ನೊಳಗಿನ ಲಾಗಿನ್‌ಗಳು ಬೇಕು. ಇನ್ಫೋಸ್ಟೀಲರ್ ಎನ್ನುವ ಬಗೆಯ ಮಾಲ್‌ವೇರ್ ಸೇವ್ ಆದ ಪಾಸ್‌ವರ್ಡ್ ಮತ್ತು ಕುಕೀಗಳನ್ನು ಬಾಚಿಕೊಂಡು ಕಳಿಸಿ, ಎಷ್ಟೋ ಸಲ ತನ್ನನ್ನೇ ಅಳಿಸಿಕೊಳ್ಳುತ್ತದೆ. ಆ ಕಡತಗಳು ಇರುವುದು ನಿಮ್ಮದೇ ಯೂಸರ್ ಫೋಲ್ಡರ್‌ನಲ್ಲಿ. ಅಡ್ಮಿನ್ ಹಕ್ಕು ಇಲ್ಲದಿದ್ದರೂ ಅದಕ್ಕೆ ನಡೆಯುತ್ತದೆ. ಗೂಗಲ್ 2024ರಲ್ಲಿ ಕ್ರೋಮ್ 127ರಿಂದ ಕುಕೀಗಳಿಗೆ ಹೆಚ್ಚುವರಿ ಎನ್‌ಕ್ರಿಪ್ಶನ್ (ಕೀಲಿಯಿಲ್ಲದೆ ಓದಲಾಗದಂತೆ ಗುಪ್ತವಾಗಿಸುವುದು) ತಂದಿತು. ಸ್ಟೀಲರ್ ಬರೆಯುವವರು ಕೆಲವೇ ತಿಂಗಳಲ್ಲಿ ಅದಕ್ಕೂ ದಾರಿ ಕಂಡುಕೊಂಡರು.

ಕುಕೀ ಯಾಕೆ ಮುಖ್ಯ? ಪಾಸ್‌ವರ್ಡ್, ಒಟಿಪಿ ಎರಡನ್ನೂ ದಾಟಿದ ಮೇಲೆ ಸರ್ವರ್ ಕೊಡುವ ಗುರುತು ಅದು. ಅದು ಕಳ್ಳನ ಕೈ ಸೇರಿದರೆ ಎರಡು ಹಂತದ ಪರಿಶೀಲನೆ ಇದ್ದೂ ಇಲ್ಲದಂತೆ. ಹಾಗಾಗಿ ಸೋಂಕಿನ ಅನುಮಾನ ಬಂದಾಗ ಬರೀ ಪಾಸ್‌ವರ್ಡ್ ಬದಲಿಸುವುದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಕ್ರಮ ಹೀಗಿರಲಿ: ಸೋಂಕಿತ ಯಂತ್ರದ ವೈಫೈ ಆಫ್ ಮಾಡಿ, ಬೇರೊಂದು ಶುದ್ಧ ಸಾಧನದಿಂದ ಮೊದಲು ಮುಖ್ಯ ಇಮೇಲ್‌ನ ಪಾಸ್‌ವರ್ಡ್ ಬದಲಿಸಿ, ಅಲ್ಲೇ ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ, ರಿಕವರಿ ಫೋನ್, ರಿಕವರಿ ಇಮೇಲ್, ಮೇಲ್ ಫಾರ್ವರ್ಡಿಂಗ್, ಫಿಲ್ಟರ್‌ಗಳಲ್ಲಿ ಅಪರಿಚಿತವಾದದ್ದು ಸೇರಿದೆಯೇ ನೋಡಿ. ಫಾರ್ವರ್ಡಿಂಗ್ ನಿಯಮ ಉಳಿದುಬಿಟ್ಟರೆ ಹೊಸ ಪಾಸ್‌ವರ್ಡ್ ಹಾಕಿದ ಮೇಲೂ ನಿಮ್ಮ ರೀಸೆಟ್ ಮೇಲ್‌ಗಳು ಅವನಿಗೆ ಹೋಗುತ್ತಲೇ ಇರುತ್ತವೆ. ಅದಾದ ಮೇಲೆ ಬ್ಯಾಂಕ್, ಮತ್ತೆ ಉಳಿದವು. ಕೊನೆಗೆ ವಿಂಡೋಸನ್ನು ಹೊಸದಾಗಿ ಹಾಕಿ. ಸ್ಕ್ಯಾನ್ ಶುದ್ಧ ಎಂದರೂ ನಾನಂತೂ ಅದೇ ಇನ್‌ಸ್ಟಲೇಶನ್ ಮುಂದುವರಿಸಲು ಹೇಳುವುದಿಲ್ಲ.

ಒಳಗೆ ಬರುವ ದಾರಿಗಳಲ್ಲಿ ಎರಡನ್ನು ಮನೆಯವರಿಗೆಲ್ಲ ಹೇಳಿಕೊಡಿ. ಒಂದು, ಪುಕ್ಕಟೆ ಕ್ರ್ಯಾಕ್ ಮತ್ತು ಗೇಮ್ ಚೀಟ್. ಪಾಸ್‌ವರ್ಡ್ ಹಾಕಿದ ಜಿಪ್ ಕಡತ, ಜೊತೆಗೆ “ಡಿಫೆಂಡರ್ ಆಫ್ ಮಾಡಿ ಆಮೇಲೆ ತೆರೆಯಿರಿ” ಎಂಬ ಸೂಚನೆ. ಜಿಪ್‌ಗೆ ಪಾಸ್‌ವರ್ಡ್ ಇಡುವುದೇ ಸ್ಕ್ಯಾನರ್ ಒಳಗೆ ಇಣುಕದಿರಲಿ ಎಂದು. ಎರಡು, ನಕಲಿ ಕ್ಯಾಪ್ಚಾ (ನೀವು ರೋಬೋಟ್ ಅಲ್ಲವೆಂದು ತೋರಿಸುವ ಪರೀಕ್ಷೆ), ಕ್ಲಿಕ್‌ಫಿಕ್ಸ್ ಅಂತಾರೆ. “ವಿಂಡೋಸ್ ಕೀ ಮತ್ತು ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಒತ್ತಿ” ಎನ್ನುತ್ತದೆ ಪುಟ. ನಿಮಗೆ ಕಾಣದಂತೆ ಅದು ಮೊದಲೇ ಕ್ಲಿಪ್‌ಬೋರ್ಡ್‌ಗೆ ಪವರ್‌ಶೆಲ್ (ವಿಂಡೋಸ್‌ಗೆ ಬರಹದಲ್ಲಿ ಆಜ್ಞೆ ಕೊಡುವ ಸಾಧನ) ಆದೇಶವೊಂದನ್ನು ನಕಲು ಮಾಡಿಟ್ಟಿರುತ್ತದೆ. ಎಂಟರ್ ಒತ್ತಿದವರು ನೀವೇ ಆದ್ದರಿಂದ ಎಷ್ಟೋ ತಡೆಗಳು ಸುಮ್ಮನಿರುತ್ತವೆ. ಯಾವ ಅಸಲಿ ಕ್ಯಾಪ್ಚಾವೂ ಬ್ರೌಸರ್‌ನ ಹೊರಗೆ ಏನನ್ನೂ ಒತ್ತಲು ಹೇಳುವುದಿಲ್ಲ.

ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ, ಶೋನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಆನ್ ಮಾಡಿಬಿಡಿ. ಪಿಡಿಎಫ್ ಎಂದು ಕಾಣುವ ಬಿಲ್‌ನ ಹೆಸರು ಇಎಕ್ಸ್‌ಇ ಎಂದು ಮುಗಿಯುವುದು ಆಗ ಮಾತ್ರ ಗೊತ್ತಾಗುತ್ತದೆ.

ಪಾಸ್‌ವರ್ಡ್‌ಗಳನ್ನು ಕ್ರೋಮ್‌ನಿಂದ ಬಿಟ್‌ವಾರ್ಡನ್ ಅಥವಾ ಕೀಪಾಸ್‌ಎಕ್ಸ್‌ಸಿಗೆ ಸಾಗಿಸಿ, ಎಲ್ಲ ಪಾಸ್‌ವರ್ಡ್‌ಗಳನ್ನು ಒಂದೇ ಮಾಸ್ಟರ್ ಪಾಸ್‌ವರ್ಡ್‌ನಡಿ ಬೀಗ ಹಾಕಿ ಇಡುವ ತಂತ್ರಾಂಶಗಳಿವು. ಕ್ರೋಮ್‌ನಿಂದ ರಫ್ತು ಮಾಡಿದ ಸಿಎಸ್‌ವಿ ಕಡತದಲ್ಲಿ ಎಲ್ಲವೂ ಬರಿಗಣ್ಣಿಗೆ ಓದುವಂತೆ ಇರುತ್ತದೆ, ಆಮದು ಮುಗಿದ ಕೂಡಲೇ ರೀಸೈಕಲ್ ಬಿನ್‌ನಿಂದಲೂ ಅಳಿಸಿ, ಕ್ರೋಮ್‌ನೊಳಗಿನ ಪ್ರತಿಯನ್ನೂ ಅಳಿಸಿ. ಮಾಸ್ಟರ್ ಪಾಸ್‌ವರ್ಡ್‌ಗೆ ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದಗಳು ಸಾಕು. ಉದ್ದವೇ ಬಲ, ನಡುವೆ ಸೊನ್ನೆ ಹಾಕಿ ಓ ಎಂದು ನಟಿಸುವುದಲ್ಲ. ಪಾಸ್‌ಕೀ (ಪಾಸ್‌ವರ್ಡ್ ಬದಲು ನಿಮ್ಮ ಸಾಧನದ ಬೆರಳಚ್ಚು, ಪಿನ್‌ನಿಂದ ಲಾಗಿನ್ ಆಗುವ ಬಗೆ) ಸಿಗುವ ಕಡೆ ಅದನ್ನೇ ಆಯ್ದುಕೊಳ್ಳಿ, ಅದು ನಕಲಿ ವಿಳಾಸದಲ್ಲಿ ಕೆಲಸವೇ ಮಾಡದು.

ಮೂರನೇ ಪ್ರತಿ:

ಡಿಸ್ಕ್ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ಸದಾ ಸಿಕ್ಕಿಸಿಟ್ಟ ಡಿಸ್ಕ್ ರಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಮಾಲ್‌ವೇರ್) ಪಾಲಿಗೆ ಇನ್ನೊಂದು ಡ್ರೈವ್ ಅಷ್ಟೇ. ಅಕ್ಷರವಿರುವ ಡ್ರೈವ್‌ಗಳನ್ನೆಲ್ಲ ಅದು ಸಾಲಾಗಿ ಎನ್‌ಕ್ರಿಪ್ಟ್ ಮಾಡುತ್ತದೆ. ಪ್ರತಿ ತೆಗೆದಾದ ಮೇಲೆ ಸೇಫ್ಲಿ ರಿಮೂವ್ ಕೊಟ್ಟು ಕಳಚಿ ಇಡಿ.

ಹಳೆಯ ನಿಯಮ 3-2-1: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಿಂದ ಹೊರಗೆ. ನಿಮಗೆ ಅದು ಲ್ಯಾಪ್‌ಟಾಪ್, ಕಳಚಿಟ್ಟ ಡಿಸ್ಕ್, ಕ್ಲೌಡ್. ಇಲ್ಲಿ ಬಹಳ ಜನ ಎಡವುವುದು ಮಿರರ್ ಮಾಡುವ ಕಡೆ. ಮಿರರ್ ಎಂದರೆ ಮೂಲದಲ್ಲಿ ಏನಿದೆಯೋ ಅದನ್ನೇ ಪ್ರತಿಯಲ್ಲೂ ಮಾಡುವುದು. ಮೂಲದ ಫೋಟೊ ಹಾಳಾಗಿದ್ದರೆ ಮುಂದಿನ ಸಲ ಒಳ್ಳೆಯ ಪ್ರತಿಯ ಮೇಲೆ ಹಾಳಾದದ್ದೇ ಕೂರುತ್ತದೆ. ವಿಂಡೋಸ್‌ನ ಫೈಲ್ ಹಿಸ್ಟರಿ ಬಳಸಿ, ಇಲ್ಲವೇ ಪ್ರತಿ ತೆಗೆಯುವ ತಂತ್ರಾಂಶವಾದ ಫ್ರೀಫೈಲ್‌ಸಿಂಕ್‌ನಲ್ಲಿ ವರ್ಶನಿಂಗ್ ಹಾಕಿಕೊಳ್ಳಿ: ಬದಲಾದ ಕಡತದ ಹಳೆಯ ರೂಪ ಬೇರೆ ಫೋಲ್ಡರ್‌ಗೆ ಹೋಗಿ ಉಳಿಯುತ್ತದೆ. ಕ್ಲೌಡ್ ಸಿಂಕ್‌ಗೂ ಇದೇ ದೌರ್ಬಲ್ಯ, ಎನ್‌ಕ್ರಿಪ್ಟ್ ಆದ ಕಡತವನ್ನೂ ಅದು ನಿಷ್ಠೆಯಿಂದ ಮೇಲೇರಿಸುತ್ತದೆ. ಉಳಿಸುವುದು ಹಳೆಯ ಆವೃತ್ತಿಗಳು. ಒನ್‌ಡ್ರೈವ್‌ನಲ್ಲಿ ಮೈಕ್ರೋಸಾಫ್ಟ್ 365 ಚಂದಾದಾರರು ಇಡೀ ಡ್ರೈವನ್ನು ಹಿಂದಿನ 30 ದಿನಗಳೊಳಗಿನ ಸ್ಥಿತಿಗೆ ಮರಳಿಸಬಹುದು.

ತಿಂಗಳಿಗೊಮ್ಮೆ ನಾಲ್ಕಾರು ಕಡತಗಳನ್ನು ಬೇರೆ ಫೋಲ್ಡರ್‌ಗೆ ವಾಪಸ್ ತಂದು ತೆರೆದು ನೋಡಿ. ತೆರೆಯದ ಪ್ರತಿ ಪ್ರತಿಯೇ ಅಲ್ಲ.

ವಿಂಡೋಸ್ ಸೆಕ್ಯುರಿಟಿಯ ರಾನ್ಸಮ್‌ವೇರ್ ಪ್ರೊಟೆಕ್ಷನ್ ಪುಟದಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಇದೆ, ಗುರುತಿಲ್ಲದ ತಂತ್ರಾಂಶಗಳು ನಿಮ್ಮ ಫೋಲ್ಡರ್‌ಗಳಲ್ಲಿ ಬದಲಾವಣೆ ಮಾಡದಂತೆ ಅದು ತಡೆಯುತ್ತದೆ, ತಾನಾಗಿ ಆನ್ ಇರುವುದಿಲ್ಲ. ಹಾಕಿಕೊಳ್ಳಿ.

ಬೇಲಿಗೂಟ:

ಹಾಕಿಕೊಳ್ಳಿ, ಆದರೆ ಮೊದಲ ವಾರ ಗೋಳು ಎಂದು ಗೊತ್ತಿರಲಿ. ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ ಸೇವ್ ಮಾಡುವ ಆಟಗಳು, ಅಷ್ಟೇನೂ ಹೆಸರಿಲ್ಲದ ಫೋಟೊ ತಂತ್ರಾಂಶಗಳು “ಫೈಲ್ ಸಿಗುತ್ತಿಲ್ಲ” ಎಂಬಂಥ ಸಂಬಂಧವಿಲ್ಲದ ದೋಷ ತೋರಿಸಿ ನಿಲ್ಲುತ್ತವೆ. ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ತಡೆದದ್ದರ ಹೆಸರು ನೋಡಿ, ನಿಮಗೆ ಗೊತ್ತಿರುವುದಾದರೆ ಮಾತ್ರ ಅನುಮತಿ ಕೊಡಿ. ಬೇಸತ್ತು ಇಡೀ ಸೌಲಭ್ಯವನ್ನೇ ಆಫ್ ಮಾಡುವವರೇ ಹೆಚ್ಚು. ಕಳಚಿಟ್ಟ ಡಿಸ್ಕ್ ಇದ್ದರೆ ಅದೂ ಮಹಾಪರಾಧವಲ್ಲ.

ಹೊಸಕೀಲಿ:

ಪೆಟ್ಟಿಗೆಯಲ್ಲಿ ವಿಳಾಸ ಇತ್ತು, ತೆಗೆದ ಮೇಲೆ ನಿಂತಿದೆ. ಎಕ್ಸ್‌ಕ್ಲೂಶನ್ಸ್ ಖಾಲಿ, ಆಫ್‌ಲೈನ್ ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲ. ರೌಟರ್‌ನಲ್ಲಿ ಏನಾದರೂ ಮಾಡಬೇಕೇ? ಅಪ್‌ಡೇಟ್‌ಗಳನ್ನು ಒಂದೆರಡು ತಿಂಗಳು ತಡಮಾಡಿದರೆ ನಡೆಯುತ್ತದೆಯೇ?

ಏಳನೇಪೋರ್ಟ್:

ತಡದ ಬಗ್ಗೆ ಒಂದೇ ಉದಾಹರಣೆ ಸಾಕು. ವಾನಾಕ್ರೈ ಎಂಬ ರಾನ್ಸಮ್‌ವೇರ್ ಹರಡಿದ್ದು 2017ರ ಮೇ 12ರಂದು. ಅದು ಬಳಸಿದ ಎಸ್‌ಎಂಬಿ (ವಿಂಡೋಸ್ ಯಂತ್ರಗಳು ಕಡತ ಹಂಚಿಕೊಳ್ಳುವ ವ್ಯವಸ್ಥೆ) ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ಪೆಟ್ಟು ತಿಂದದ್ದು ಆ ಎರಡು ತಿಂಗಳಲ್ಲಿ ಅಪ್‌ಡೇಟ್ ಹಾಕದ ಯಂತ್ರಗಳು. ತಿಂಗಳ ಭದ್ರತಾ ಅಪ್‌ಡೇಟನ್ನು ಒಂದು ವಾರದೊಳಗೆ ಹಾಕಿ. ಬ್ರೌಸರ್‌ನ ಅಪ್‌ಡೇಟ್ ಬಂದ ದಿನವೇ. ಅದು ಡೌನ್‌ಲೋಡ್ ಆಗಿದ್ದರೂ ಬ್ರೌಸರ್ ಮುಚ್ಚಿ ತೆರೆಯುವ ತನಕ ಜಾರಿಗೆ ಬರುವುದಿಲ್ಲ. ವಿಂಡೋಸ್ 11 ಹೋಮ್‌ನ ಪ್ರತಿ ಆವೃತ್ತಿಗೆ 24 ತಿಂಗಳು ಮಾತ್ರ ಬೆಂಬಲ. ನಿಮ್ಮದು ಯಾವುದೆಂದು ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ನಲ್ಲಿ ಇದೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು, ಓದುತ್ತಿರುವ ಬೇರೆಯವರಿಗೆ ಹೇಳುತ್ತಿದ್ದೇನೆ.

ರೌಟರ್‌ನಲ್ಲಿ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಇದು ವೈಫೈ ಪಾಸ್‌ವರ್ಡ್ ಅಲ್ಲ, ರೌಟರ್‌ನ ಸೆಟ್ಟಿಂಗ್ ಪುಟ ತೆರೆಯಲು ಬೇಕಾದದ್ದು. 2016ರ ಮಿರೈ ಎಂಬ ಮಾಲ್‌ವೇರ್ ಹೊಸದೇನನ್ನೂ ಕಂಡುಹಿಡಿದಿರಲಿಲ್ಲ; ಕಾರ್ಖಾನೆಯಿಂದ ಬಂದ ಹೆಸರು, ಪಾಸ್‌ವರ್ಡ್‌ಗಳ ಅರವತ್ತಕ್ಕೂ ಹೆಚ್ಚು ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸಿ ಕ್ಯಾಮೆರಾ, ರೌಟರ್‌ಗಳನ್ನು ವಶಪಡಿಸಿಕೊಂಡಿತು. ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದ ರೌಟರ್ ಸೆಟ್ಟಿಂಗ್ ಬದಲಿಸುವ ಸೌಲಭ್ಯ) ಆಫ್ ಮಾಡಿ, ಫರ್ಮ್‌ವೇರ್ (ರೌಟರ್‌ನೊಳಗಿನ ತಂತ್ರಾಂಶ) ಅಪ್‌ಡೇಟ್ ಹಾಕಿ, ವೈಫೈ ಭದ್ರತೆಗೆ ಡಬ್ಲ್ಯೂಪಿಎ3 ಇಲ್ಲವೇ ಡಬ್ಲ್ಯೂಪಿಎ2 ಎಇಎಸ್ ಆಯ್ದುಕೊಳ್ಳಿ.

ಡಬ್ಲ್ಯೂಪಿಎಸ್ (ಪಾಸ್‌ವರ್ಡ್ ಬದಲು ಗುಂಡಿ ಅಥವಾ ಪಿನ್‌ನಿಂದ ವೈಫೈಗೆ ಸೇರುವ ಸೌಲಭ್ಯ) ಆಫ್ ಮಾಡಲೇಬೇಕು. ಅದರ ಪಿನ್ 8 ಅಂಕಿ, ಹತ್ತು ಕೋಟಿ ಸಾಧ್ಯತೆ ಎನಿಸುತ್ತದೆ. ಆದರೆ ರೌಟರ್ ಮೊದಲ 4 ಅಂಕಿ ಸರಿಯೋ ಇಲ್ಲವೋ ಎಂದು ಬೇರೆಯಾಗಿಯೇ ಹೇಳಿಬಿಡುತ್ತದೆ, ಕೊನೆಯ ಅಂಕಿ ಉಳಿದವುಗಳಿಂದ ಲೆಕ್ಕಹಾಕುವಂಥದ್ದು. ಹಾಗಾಗಿ 10,000 ಮತ್ತು 1,000, ಒಟ್ಟು 11,000 ಪ್ರಯತ್ನದೊಳಗೆ ಸಿಕ್ಕಿಬೀಳುತ್ತದೆ. 2011ರಿಂದ ಇದು ಬಹಿರಂಗ. ತಂತ್ರಾಂಶಗಳು ಕೇಳಿದ ಪೋರ್ಟನ್ನು (ಹೊರಗಿನಿಂದ ಬರುವ ದಾರಿ) ರೌಟರ್ ತಾನೇ ತೆರೆಯುವ ಯುಪಿಎನ್‌ಪಿಯನ್ನೂ ಆಫ್ ಮಾಡಿ, ಆನ್‌ಲೈನ್ ಆಟದಲ್ಲಿ ಧ್ವನಿ ಸಂಪರ್ಕ ಕೈಕೊಟ್ಟರೆ ಆ ಆಟದ ಪೋರ್ಟನ್ನಷ್ಟೇ ಕೈಯಾರೆ ತೆರೆದರಾಯಿತು.

ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ಅಂಕಿ ವಿಳಾಸ ಹುಡುಕುವ ಸೇವೆ) ಜಾಗದಲ್ಲಿ 9.9.9.9 ಹಾಕಿದರೆ ಗೊತ್ತಿರುವ ಕೆಟ್ಟ ವಿಳಾಸಗಳನ್ನು ಆ ಸೇವೆ ಕೊಡುವ ಕ್ವಾಡ್‌9 ತೆರೆಯಗೊಡುವುದಿಲ್ಲ. ಇಂದು ಬೆಳಗ್ಗೆ ಹುಟ್ಟಿದ ಫಿಶಿಂಗ್ ತಾಣ ಅದಕ್ಕೂ ಗೊತ್ತಿರದಿರಬಹುದು.

ಮೂರನೇ ಪ್ರತಿ:

ಖಾತೆ ಬದಲಿಸಲು ಹೊರಟಿದ್ದೀರಿ, ಅದಕ್ಕೂ ಮೊದಲು ಒಂದು ಕೆಲಸ. ಸೆಟ್ಟಿಂಗ್ಸ್‌ನ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿಯಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದೆಯೇ ನೋಡಿ. ಮೈಕ್ರೋಸಾಫ್ಟ್ ಖಾತೆಯಿಂದ ಶುರು ಮಾಡಿದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಕೇಳದೆಯೇ ಆನ್ ಆಗಿರುತ್ತದೆ. ಕದ್ದವನ ಕೈಗೆ ಡಿಸ್ಕ್ ಸಿಕ್ಕರೂ ಓದಲಾಗದು, ಒಳ್ಳೆಯದೇ. ಆದರೆ ಬಯೋಸ್ (ಯಂತ್ರ ಏಳುವಾಗ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್ ಅಥವಾ ಮದರ್‌ಬೋರ್ಡ್ ಬದಲಾವಣೆಯ ನಂತರ 48 ಅಂಕಿಯ ರಿಕವರಿ ಕೀ ಕೇಳಬಹುದು, ಆ ಕೀ ಇರುವುದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ. ಆ ಖಾತೆಯನ್ನೇ ಕಳೆದುಕೊಂಡರೆ ಫೋಟೊಗಳೂ ಹೋದಂತೆ, ಯಾವ ರಿಪೇರಿಯವರಿಂದಲೂ ಬಿಡಿಸಲಾಗದು. ಖಾತೆಯ ಡಿವೈಸಸ್ ಪುಟದಿಂದ ಕೀಯನ್ನು ಕಾಗದಕ್ಕೆ ಮುದ್ರಿಸಿ, ಜೊತೆಗಿರುವ ಕೀ ಐಡಿಯ ಮೊದಲ 8 ಅಕ್ಷರಗಳನ್ನೂ ಬರೆದುಕೊಳ್ಳಿ. ಎರಡು ಮೂರು ಸಾಧನಗಳಿದ್ದಾಗ ಯಾವುದು ಯಾರದೆಂದು ತಿಳಿಯುವುದು ಅದರಿಂದಲೇ. ಕಾಗದವನ್ನು ಲ್ಯಾಪ್‌ಟಾಪ್ ಚೀಲದೊಳಗೆ ಇಡಬೇಡಿ.