ಸೋಲಾರ್ ಬಿಸಿನೀರಿಗೆ ರಿಟರ್ನ್ ಲೈನ್ ಹಾಕಿಸಿದವರು ಇದ್ದೀರಾ?

ನಾಗರಬಾವಿ ಮನೆ: ಮೂರು ಅಂತಸ್ತು, ತಾರಸಿ ಮೇಲೆ 200 ಲೀಟರ್ ಸೋಲಾರ್. ಕೆಳಗಿನ ಬಚ್ಚಲಿಗೆ 1 ಇಂಚಿನ ಸಿಪಿವಿಸಿ (ಬಿಸಿನೀರಿನ ಪ್ಲಾಸ್ಟಿಕ್) ಪೈಪು, ಹತ್ತಿರ ಹತ್ತಿರ 25 ಮೀಟರ್. ಬಿಸಿನೀರು ಬರೋಷ್ಟರಲ್ಲಿ ಒಂದು ಬಕೆಟ್ ತಣ್ಣೀರು ಹೋಗುತ್ತೆ. ಪಂಪ್ ಹಾಕಿಸಿ, ಪೈಪಲ್ಲಿ ತಣ್ಣಗಾದ ನೀರನ್ನು ಇನ್ನೊಂದು ಪೈಪಲ್ಲಿ (ಅದೇ ರಿಟರ್ನ್) ಟ್ಯಾಂಕಿಗೇ ತಿರುಗಿಸಿದರೆ ಹೇಗೆ?

ಮುಕ್ಕಾಲಿಂಚು: 1 ಇಂಚು ಹಾಕೋರಿಗೆ ಏನು ಹೇಳೋದು! ಮೀಟರಿಗೆ 0.43 ಲೀಟರ್ ಹಿಡಿಯುತ್ತೆ, ಮುಕ್ಕಾಲಿಂಚು 0.26. ನಿಮ್ಮದರಲ್ಲಿ 10.7 ಲೀಟರ್ ನಿಂತಿರುತ್ತೆ, ನಮ್ಮದರಲ್ಲಿ ಆರೂವರೆ. ಪಂಪೂ ಬೇಡ, ಕರೆಂಟೂ ಬೇಡ.

ತಾರಸಿ ಭಟ್ರು: ಗೋಡೆ ಮುಚ್ಚಿದ ಮೇಲೆ ಈ ಬುದ್ಧಿವಾದ ಯಾರಿಗೆ ಸ್ವಾಮಿ? ನಮ್ಮಲ್ಲಿ ಅರ್ಧ ಇಂಚಿನ ರಿಟರ್ನ್ ಇದೆ. ಸ್ಟೇನ್‌ಲೆಸ್ ಬಾಡಿಯ ಸಣ್ಣ ಸರ್ಕ್ಯುಲೇಷನ್ ಪಂಪ್ 7,200, ಸ್ಪ್ರಿಂಗ್ ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯೋ ವಾಲ್ವ್) 480, ಟೈಮರ್ ರಿಲೇ 950, ಶಾಖ ಹೋಗದಂತೆ ಪೈಪಿಗೆ ಸುತ್ತೋ ನೈಟ್ರೈಲ್ ಫೋಮ್ 2,900, ಪೈಪು ಫಿಟ್ಟಿಂಗು 3,100. ಗೋಡೆ ಕೊರೆದು ಮುಚ್ಚಿದ ಕೂಲಿಯೇ 9,000! ಬೀಡು ಕಬ್ಬಿಣದ ಪಂಪ್ ಬೇಡ, ತುಕ್ಕು ನೀರಿಗೆ ಬರುತ್ತೆ. ಪಂಪ್ ಕೆಳಗಿನ ಬಚ್ಚಲ ಹತ್ತಿರ, ಅದರ ಮೋಟಾರಿನ ಶಾಫ್ಟ್ ಅಡ್ಡಡ್ಡ ಇರೋ ಹಾಗೆ ಕೂರಬೇಕು. ರಿಟರ್ನ್‌ನಲ್ಲಿ ಎನ್‌ಆರ್‌ವಿ ಇಲ್ಲದಿದ್ದರೆ ನಲ್ಲಿ ಬಿಟ್ಟಾಗ ಟ್ಯಾಂಕಿನ ತಳದ ತಣ್ಣೀರು ಅದೇ ಪೈಪಲ್ಲಿ ಇಳಿದು ಬಿಸಿನೀರಿಗೆ ಬೆರೆಯುತ್ತೆ. ಬೋರ್‌ವೆಲ್ ನೀರಾದರೆ ಎನ್‌ಆರ್‌ವಿಗೆ ಯೂನಿಯನ್ (ಬಿಚ್ಚಿ ಹಾಕೋ ಜೋಡಣೆ) ಇರಲಿ, ಸುಣ್ಣ ಕಟ್ಟಿ ಬಾಯಿ ಮುಚ್ಚೋದೇ ಇಲ್ಲ.

ಬಾತ್‌ರೂಮ್ 4: ನಮಗೆ ಹಾಕಿಕೊಟ್ಟವನು ಟೈಮರ್ ಇಲ್ಲದೆ ದಿನವಿಡೀ ಓಡೋ ಹಾಗೆ ಬಿಟ್ಟು ಹೋದ. ಲೆಕ್ಕ ನೋಡಿ: ಫೋಮ್ ಸುತ್ತಿದ ಪೈಪೂ ಮೀಟರಿಗೆ ಎಂಟು–ಹತ್ತು ವ್ಯಾಟ್ ಕಳೆಯುತ್ತೆ. ಹೋಗಿ ಬರೋ 50 ಮೀಟರಿಗೆ ದಿನಕ್ಕೆ ಹತ್ತು ಯೂನಿಟ್ ಶಾಖ. 200 ಲೀಟರ್ ನೀರು 25ರಿಂದ 60 ಡಿಗ್ರಿಗೆ ಕಾದರೆ ಒಟ್ಟು ಇರೋದೇ ಎಂಟು ಯೂನಿಟ್. ಬೆಳಿಗ್ಗೆ ಕರೆಂಟಿನ ಬ್ಯಾಕಪ್ ಕಾಯಿಲ್ ಹಾಕಲೇಬೇಕು. ದುಡ್ಡೂ ಹೋಯ್ತು, ಬಿಸಿನೀರೂ ಹೋಯ್ತು.

ತಾರಸಿ ಭಟ್ರು: ಅದಕ್ಕೇ ಬೆಲ್ ಪುಷ್! ಒತ್ತಿದರೆ ನಾಲ್ಕು ನಿಮಿಷ ಓಡಿ ನಿಲ್ಲುತ್ತೆ. ನಿಮಿಷಕ್ಕೆ ಮೂರು ಲೀಟರ್ ಸಾಕು.

ಸೈಟ್ ಮೇಸ್ತ್ರಿ: ಮೂರು ಮಹಡಿ ಎತ್ತಬೇಕು ಸಾರ್, ಅರ್ಧ ಎಚ್‌ಪಿ ಇಲ್ಲದೆ ಆಗಲ್ಲ.

ತಾರಸಿ ಭಟ್ರು: ಎತ್ತೋದೆಲ್ಲಿ ಬಂತು? ಇಳಿಯೋ ನೀರಿನ ಭಾರವೇ ಏರೋ ನೀರನ್ನು ತೂಗುತ್ತೆ. ಪಂಪ್ ಗೆಲ್ಲಬೇಕಾದ್ದು ಪೈಪಿನ ಘರ್ಷಣೆ ಮಾತ್ರ, ಒಂದು–ಒಂದೂವರೆ ಮೀಟರ್ ಹೆಡ್ (ಅಷ್ಟು ಎತ್ತರದ ನೀರಿನ ಒತ್ತಡ). ಅರ್ಧ ಎಚ್‌ಪಿ ಹಾಕಿದರೆ ಟ್ಯಾಂಕಿನ ಮೇಲಿನ ಬಿಸಿ, ತಳದ ತಣ್ಣಗೆ ಎಲ್ಲಾ ಕಲಕಿ ಉಗುರುಬೆಚ್ಚಗೆ.

ಸೈಟ್ ಮೇಸ್ತ್ರಿ: ಪುಸ್ತಕದ ಮಾತು. ಏರ್ ಹಿಡಿದಾಗ ನಿಮ್ಮ ಆಟಿಕೆ ಪಂಪ್ ಏನು ಮಾಡುತ್ತೆ?

ತಾರಸಿ ಭಟ್ರು: ಪ್ಯಾರಪೆಟ್ ಮೇಲೆ ಪೈಪ್ ಗೂನು ಎಬ್ಬಿಸಿದರೆ ಏರ್ ಹಿಡಿಯದೆ ಇರುತ್ತಾ? ಅದು ನಿಮ್ಮವರದ್ದೇ ಕೆಲಸ.

ಲಂಡನ್ ಚಳಿ: ಇಲ್ಲಿ ಕಾಂಬಿ ಬಾಯ್ಲರ್, ನಲ್ಲಿ ಬಿಟ್ಟಾಗಲೇ ಗ್ಯಾಸಲ್ಲಿ ನೀರು ಕಾಯಿಸೋದು, ಟ್ಯಾಂಕೇ ಇಲ್ಲ. ಲೂಪ್ (ಹೋಗಿ ಬರೋ ಪೈಪು) ಕಳೆಯೋದು ಅರ್ಧ ಕಿಲೋವ್ಯಾಟ್, ನಮ್ಮ ಬರ್ನರ್ ಐದಕ್ಕಿಂತ ಕೆಳಗಿಳಿಯಲ್ಲ. ಹತ್ತೋದು, ಆರೋದು, ಮತ್ತೆ ಹತ್ತೋದು. ಕೈಪಿಡಿಯಲ್ಲಿ ರಿಟರ್ನ್ ಹಾಕಿದರೆ ವಾರಂಟಿ ಇಲ್ಲ ಅಂತಲೂ ಇದೆ.

ಬಾತ್‌ರೂಮ್ 4: ಸೋಲಾರ್ ಕೇಳಿದರೆ ಲಂಡನ್ ಪುರಾಣ ಯಾಕಪ್ಪ?

ಲಂಡನ್ ಚಳಿ: ನಿಮ್ಮೂರಲ್ಲಿ ಗ್ಯಾಸ್ ಗೀಸರಿಗೆ ಇದನ್ನೇ ಜೋಡಿಸ್ತಿದಾರಲ್ಲ, ಅವರಿಗೆ. ಸಣ್ಣ ಪಂಪಿನ ಹರಿವಿಗೆ ಅದು ಹೊತ್ತೋದೇ ಕಷ್ಟ.

ಮುಕ್ಕಾಲಿಂಚು: ಇಷ್ಟೆಲ್ಲ ಖರ್ಚು ಒಂದು ಬಕೆಟ್ ನೀರಿಗೆ! ಅದನ್ನು ಬಟ್ಟೆ ನೆನೆಸೋಕೆ ಇಟ್ಕೊಳ್ಳಿ.

ಬಾತ್‌ರೂಮ್ 4: ಶವರ್ ಕೆಳಗೆ ಬಕೆಟ್ ಹಿಡ್ಕೊಂಡು ನಿಲ್ಲೋರು ನೀವಾ?