ಕಾವಿಗೆ ಕೂತ ಕೋಳಿ ಗೂಡು ಬದಲಾಯಿಸಿದೆ, ಮೊಟ್ಟೆ ತಣ್ಣಗಾಗಿವೆ: ಏನು ಮಾಡಲಿ?

ಪ್ರಶ್ನೆ:
ಕೋಳಿ ಕಾವಿಗೆ ಕೂತು ಇವತ್ತಿಗೆ 9 ದಿನ. 10 ಮೊಟ್ಟೆ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಪಕ್ಕದ ಗೂಡಿನಲ್ಲಿ ಒಂದೇ ಒಂದು ಮೊಟ್ಟೆ ಅಪ್ಪಿಕೊಂಡು ಕೂತಿದೆ. ಅದರ ಗೂಡಿನಲ್ಲಿ ಎಣಿಸಿದರೆ 13 ಮೊಟ್ಟೆ, ಎಲ್ಲವೂ ತಣ್ಣಗೆ! ಎತ್ತಿ ವಾಪಸ್ ಕೂರಿಸಿದೆ, ಕೂತುಕೊಂಡಿತು. ಮೊಟ್ಟೆ ಕೆಟ್ಟಿರುತ್ತವಾ? ಎಸೆಯಲು ಮನಸ್ಸು ಬರುತ್ತಿಲ್ಲ. ಮೇವಿಗೂ ದಿನಕ್ಕೆ ಒಂದೇ ಸಲ ಏಳುತ್ತಿದೆ, ಅದೂ ಭಯವಾಗುತ್ತಿದೆ.

ಉತ್ತರ:
ದಯವಿಟ್ಟು ಎಸೆಯಬೇಡಿ. ಒಂದೆರಡು ಗಂಟೆ ತಣ್ಣಗಾದರೂ ಒಳಗಿನ ಮರಿ ಉಳಿಯುವುದುಂಟು. ರಾತ್ರಿ ಕತ್ತಲಲ್ಲಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಒತ್ತಿ ಹಿಡಿದು ನೋಡಿ. ಜೇಡರ ಬಲೆಯ ಹಾಗೆ ಕೆಂಪು ನರ ಹರಡಿ, ನಡುವೆ ಕಪ್ಪು ಚುಕ್ಕೆ ಅಲುಗಾಡಿದರೆ ಜೀವ ಇದೆ. ಬರೀ ರಕ್ತದ ಉಂಗುರ ಕಂಡರೆ ಮರಿ ಸತ್ತಿದೆ. ಏನೂ ಇಲ್ಲದೆ ತಿಳಿಯಾಗಿ ಹೊಳೆದರೆ ಅದು ಹೊಸ ಮೊಟ್ಟೆ, ಇಲ್ಲವೇ ಮರಿ ಕಟ್ಟದ್ದು.

ಆ 3 ಮೊಟ್ಟೆ ಬೇರೆ ಕೋಳಿಗಳದ್ದು. ನಿಮ್ಮದು ಮೇಯಲು ಎದ್ದಾಗ ಇನ್ನೊಂದು ಬಂದು ಮೊಟ್ಟೆ ಇಡಲು ಕೂತಿದೆ. ಜಾಗ ಇಲ್ಲದೆ ಇದು ಪಕ್ಕಕ್ಕೆ ಹೋಗಿದೆ, ಅಷ್ಟೇ. ಹೆಚ್ಚುವರಿಯಾಗಿ ಬಂದ ಆ ಮೂರನ್ನು ತೆಗೆದುಬಿಡಿ. ಮರಿಯಾಗಲು 21 ದಿನ ಬೇಕು. ಮೊದಲ ಮರಿಗಳು ಬಂದು ಒಂದೆರಡು ದಿನಕ್ಕೆ ತಾಯಿ ಎದ್ದು ಹೊರಡುತ್ತದೆ, ತಡವಾದವು ಅರ್ಧಕ್ಕೇ ಸಾಯುತ್ತವೆ. ಉಳಿದವಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಆಮೇಲೆ ರಾತ್ರಿಯೇ ಗೂಡಿನ ಸಮೇತ ಬೇರೆ ಕಡೆ ಇಟ್ಟು ಬಾಗಿಲು ಹಾಕಿ. ಹಗಲಲ್ಲಿ ಸಾಗಿಸಿದರೆ ಹಳೆ ಜಾಗಕ್ಕೇ ಓಡುತ್ತದೆ.

ದಿನಕ್ಕೆ ಒಮ್ಮೆ, 15-20 ನಿಮಿಷ ಏಳುವುದು ಸರಿಯಾಗಿಯೇ ಇದೆ. ದೊಡ್ಡ, ನಾರುವ ಹಿಕ್ಕೆ ಹಾಕಿದರೂ ಗಾಬರಿ ಬೇಡ. ಪದೇ ಪದೇ ಎದ್ದರೆ ಮಾತ್ರ ರಾತ್ರಿ ಗೂಡಿನ ಹುಲ್ಲು ಸರಿಸಿ ಕೆಂಪು ನುಸಿ ಇದೆಯಾ ನೋಡಿ. ರಕ್ತ ಹೀರಿದ ಕೆಂಪು ಚುಕ್ಕೆಗಳು ಹರಿದಾಡುತ್ತಿರುತ್ತವೆ.

ಪ್ರಶ್ನೆ ಕೇಳಿದವರು, 21ನೇ ದಿನ:
ಒಂದರಲ್ಲಿ ರಕ್ತದ ಉಂಗುರ ಇತ್ತು, ತೆಗೆದೆ. 9ರಲ್ಲಿ 7 ಮರಿ ಬಂದಿವೆ! ಆದರೆ ಒಂದು ಬೆಳಿಗ್ಗೆಯೇ ಚಿಪ್ಪಿಗೆ ತೂತು ಮಾಡಿ ಹಾಗೇ ಇದೆ. ಬಿಡಿಸಲಾ?

ಉತ್ತರ:
ಬೇಡವೇ ಬೇಡ. ತೂತು ಮಾಡಿದ ಮೇಲೂ ಒಂದು ದಿನ ಹಿಡಿಯಬಹುದು. ಒಳಪೊರೆಯ ನರಗಳಲ್ಲಿ ಇನ್ನೂ ರಕ್ತ ಇರುತ್ತದೆ, ಈಗ ಕಿತ್ತರೆ ಸುರಿದುಹೋಗುತ್ತದೆ. ಕಾಯುವುದು ಕಷ್ಟ ಅಲ್ವಾ, ಆದರೂ ಕಾಯಿರಿ. ಅಷ್ಟರಲ್ಲಿ ಅಗಲ ತಟ್ಟೆಯಲ್ಲಿ ಕಲ್ಲು ಹಾಕಿ ನೀರಿಡಿ, ಮರಿ ಮುಳುಗುವುದಿಲ್ಲ. ತಾಯಿಗೂ ಮರಿಗಳ ಮೇವೇ ಸಾಕು. ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣದ ಅಂಶ ಜಾಸ್ತಿ, ಮರಿಗಳ ಮೂತ್ರಪಿಂಡಕ್ಕೆ ಆಗುವುದಿಲ್ಲ.

ಪ್ರಶ್ನೆ ಕೇಳಿದವರು:
ರಾತ್ರಿ ಹತ್ತಕ್ಕೆ ತಾನೇ ಹೊರಗೆ ಬಂತು. ಒದ್ದೆ ಮೈ, ಕತ್ತು ಎತ್ತಲೂ ಆಗುತ್ತಿರಲಿಲ್ಲ. ತಾಯಿ ಕೊಕ್ಕಿನಿಂದ ಮೆಲ್ಲಗೆ ರೆಕ್ಕೆಯಡಿಗೆ ಎಳೆದುಕೊಂಡಿತು. ಈಗ ಒಣಗಿ ಉಳಿದವರ ಜೊತೆ ಓಡಾಡುತ್ತಿದೆ.