ಸಹಾಯ ಬೇಕು: ರಾಜ್ಯೋತ್ಸವಕ್ಕೆ ಗಲ್ಲಿ ಬಂದ್ ಮಾಡಲು ಪರ್ಮಿಷನ್

ಎಲ್ಲರಿಗೂ ನಮಸ್ಕಾರ. ಮುಂಬೈನ ಮಾಟುಂಗಾದ ನಮ್ಮ ಗಲ್ಲಿಯಲ್ಲಿ ನವೆಂಬರ್ 1ರ ಸಂಜೆ ರಾಜ್ಯೋತ್ಸವ ಮಾಡಬೇಕು ಅಂತಿದ್ದೇವೆ. ಧ್ವಜ, ಮಕ್ಕಳ ಹಾಡು, ಬಿಸಿಬೇಳೆಬಾತ್, ಇಷ್ಟೇ. ಪೆಂಡಾಲ್‌ಗೆ ಪಾಲಿಕೆಯ ವಾರ್ಡ್ ಆಫೀಸು, ರಸ್ತೆ ಬಂದ್ ಮಾಡಲು ಟ್ರಾಫಿಕ್ ಪೊಲೀಸು, ಮೈಕಿಗೆ ಪೊಲೀಸ್ ಠಾಣೆ, ಹೀಗೆ ಎಲ್ಲ ಕಡೆ ಓಡಾಡಬೇಕು. ರಾತ್ರಿ 10ರ ನಂತರ ಮೈಕ್ ಹಾಕುವಂತಿಲ್ಲ, ಅಷ್ಟರೊಳಗೆ ಮುಗಿಸುತ್ತೇವೆ.

ಅರ್ಜಿಯನ್ನು ಮರಾಠಿಯಲ್ಲೇ ಕೊಡೋಣ ಅಂತಿದ್ದೇವೆ. ಗಣೇಶೋತ್ಸವ ಮಂಡಳಿಯಲ್ಲಿ ಈ ಕೆಲಸ ಮಾಡಿದವರು ಇಲ್ಲಿ ಇದ್ದೇ ಇರುತ್ತೀರಿ, ಅಲ್ವಾ? ಹಳೆಯ ಅರ್ಜಿಯ ಫೋಟೋ ಇದ್ದರೆ ಕಳಿಸಿ.

ಇನ್ನೊಂದು ಮುಖ್ಯ ವಿಷಯ. ಗಲ್ಲಿಯ ಕೊನೆಯ ಬಿಲ್ಡಿಂಗ್‌ನಲ್ಲಿ ಡಯಾಲಿಸಿಸ್‌ಗೆ ಹೋಗುವ ಅಜ್ಜಿ ಇದ್ದಾರೆ. ಆಂಬುಲೆನ್ಸ್ ಬರುವಷ್ಟು ಜಾಗ ಬಿಟ್ಟೇ ಪೆಂಡಾಲ್ ಹಾಕಬೇಕು. ಅಳತೆ ಹಿಡಿದು ನಕ್ಷೆ ಬರೆದುಕೊಡುವವರು ಬೇಕೇ ಬೇಕು. ದಯವಿಟ್ಟು ಮೆಸೇಜ್ ಮಾಡಿ.